ಪಾದರಸದ ಗುಡ್ಡ

ಕೆಲಸ ಇಷ್ಟೇ: ಬುಕಿಟ್ ರಕ್ಸಾ ಎಂಬ ಗುಡ್ಡದ ಮೇಲಿನ ಹಳೆಯ ಪಾದರಸ ಗಣಿಯ ಬಾಯಿ ಹುಡುಕಬೇಕು, ಅದರಿಂದ ಹರಿದುಬರುವ ನೀರನ್ನು ಬಾಟಲಿಗಳಲ್ಲಿ ತುಂಬಿಕೊಳ್ಳಬೇಕು, ಮಳೆ ಜೋರಾಗುವುದರೊಳಗೆ ಇಳಿದು ಬರಬೇಕು.

ಗುಡ್ಡದ ಬುಡದಲ್ಲಿ ಕಂಪುಂಗ್ ರಾಂಬಾ ಎಂಬ ಸಣ್ಣ ಊರು. ಗುಡ್ಡದಿಂದ ಇಳಿಯುವ ಮೆರಾ ಹೊಳೆಯಿಂದ ಮನೆಮನೆಗೆ ಕುಡಿಯುವ ನೀರು ತರಲು ಊರಿನವರು ಪೈಪಿನ ಸುರುಳಿಗಳನ್ನು ತರಿಸಿ ಇಟ್ಟಿದ್ದರು. ಹೊಳೆ ಹುಟ್ಟುವುದು ಗಣಿಯ ಪಕ್ಕದಲ್ಲೇ ಎಂದು ಯಾರೋ ಹಳೆಯ ನಕ್ಷೆ ಬಿಚ್ಚಿ ತೋರಿಸಿದ ಮೇಲೆ ಕೆಲಸ ನಿಂತಿತು. ನೀರು ಕುಡಿಯಬಹುದೋ ಇಲ್ಲವೋ ನೋಡಿ ಹೇಳಿ ಎಂದು ಮಲಯ್ ನಾಡಿನ ರಾಜಧಾನಿಯ ಹತ್ತಿರದ ಸೈಬರ್‌ಜಯಾದ ಒಂದು ಸಮೀಕ್ಷೆ ಕಂಪನಿಗೆ ಕರೆ ಹೋಯಿತು. ಕಂಪನಿ ಮೂವರನ್ನು ಕಡಲಾಚೆ, ಗುಡ್ಡವಿದ್ದ ಸಾರವಾಕ್‌ಗೆ ಕಳಿಸಿತು. ಅದು 2021ರ ಅಕ್ಟೋಬರ್. ವಿಮಾನ ಇಳಿದ ಮೂವರೂ ಮೊದಲು ಕುಚಿಂಗ್‌ನ ಹೋಟೆಲಿನಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ಕ್ವಾರಂಟೈನ್ ಮುಗಿಸಿ, ಆಮೇಲೆ ಕಾಡಿನ ದಾರಿ ಹಿಡಿದರು.

ಮುಖ್ಯಸ್ಥೆ ಡೊರೊಥಿ ಮಂಗಳೂರಿನವರು, ಭೂವಿಜ್ಞಾನಿ, ಐವತ್ತು ದಾಟಿದವರು. ಅಳತೆಗಾರ ಪಯಸ್ ಕೂಡ ಅದೇ ಕಡೆಯವರು. ಕೊಂಕಣಿ ರೂಢಿಯಂತೆ ಡೊರೊಥಿಯವರನ್ನು ‘ಬಾಯಿ’, ಅಂದರೆ ಅಕ್ಕ, ಎನ್ನುತ್ತಿದ್ದರು. ಇಬ್ಬರೂ ಪೂರ್ವಿ ಎದುರಿಗಿದ್ದಾಗ ಕನ್ನಡಕ್ಕೆ ತಿರುಗುತ್ತಿದ್ದರು. ಪೂರ್ವಿ ಬೆಂಗಳೂರಿನವಳು, ಇಪ್ಪತ್ತಾರು ವರ್ಷ, ನಕ್ಷೆ ತಯಾರಿಸುವ ಸಾಫ್ಟ್‌ವೇರಿನವಳು. ಕಾಡು ಕಂಡವಳಲ್ಲ. ಆದರೂ ಗಣಿಯನ್ನು ಪತ್ತೆ ಮಾಡಿದವಳು ಅವಳೇ. ವಿಮಾನದಿಂದ ಲೇಸರ್ ಹಾಯಿಸಿ ಅಳೆದ ನೆಲದ ಚಿತ್ರದಲ್ಲಿ ಮರಗಳನ್ನೆಲ್ಲ ಅಳಿಸಿ ನೋಡಿದಾಗ ಇಳಿಜಾರಿನ ಮೇಲೆ ಒಂದು ನೇರ ಗೆರೆ ಕಂಡಿತು. ಗುಡ್ಡ ನೇರ ಗೆರೆ ಎಳೆಯುವುದಿಲ್ಲ; ಮನುಷ್ಯ ಎಳೆಯುತ್ತಾನೆ. ಹಾಗಾಗಿ ಗೆರೆ ತೋರಿಸಿದವಳೇ ದಾರಿಯನ್ನೂ ತೋರಿಸಲಿ ಎಂದು ಅವಳನ್ನು ಹೊರಡಿಸಿದರು.

ನಾಲ್ಕನೆಯವನು ರಾಂಬಾ ಊರಿನ ಮಿಂಗು. ಕುಚಿಂಗ್‌ನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವನು, ಲಾಕ್‌ಡೌನಿನಲ್ಲಿ ಕೆಲಸ ಹೋಗಿ ಊರಿಗೆ ಮರಳಿದ್ದ. ಮೂವರಿಗಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದ. ಗಣಿ ಎಲ್ಲಿದೆ ಎಂದು ಅವನಿಗೂ ಗೊತ್ತಿರಲಿಲ್ಲ. ಬೇಟೆಯ ಕಾಲುದಾರಿಗಳು ಮಾತ್ರ ಗೊತ್ತಿದ್ದವು.

ಊರಿನ ಅಂಚಿನಲ್ಲಿ ನದಿಗೆ ಬಿದಿರಿನ ತೂಗುಸೇತುವೆ, ಗುಡ್ಡ ಅದರ ಆಚೆ. ಸೇತುವೆಯ ಊರ ಕಡೆಯ ತುದಿಯಲ್ಲಿ ಅಡ್ಡಕ್ಕೆ ಒಂದು ಗಳ ಕಟ್ಟಿತ್ತು. ಊರ ಮುಖ್ಯಸ್ಥ ಗಳದ ಬಳಿ ನಿಂತು ಎಲ್ಲರ ಹಣೆಗೂ ಜ್ವರ ನೋಡುವ ಯಂತ್ರ ಹಿಡಿದ. ಆಗಸ್ಟಿನಲ್ಲಿ ಊರಿನ ಇಬ್ಬರು ಮುದುಕರು ಕೋವಿಡ್‌ನಿಂದ ಸತ್ತಿದ್ದರು; ಒಬ್ಬಳು ಅವನ ತಾಯಿ. ಅವನು ಮಲಯ್‌ನಲ್ಲಿ ಹೇಳಿದ್ದನ್ನು ಮಿಂಗು ತಿರುಗಿಸಿ ಹೇಳಿದ. ಹೋಗುವಾಗ ಹೇಗಿದ್ದೀರೋ ಬರುವಾಗಲೂ ಹಾಗೇ ಇರಬೇಕು. ಜ್ವರ ಬಂದವರು ಈ ಸೇತುವೆ ದಾಟುವುದಿಲ್ಲ, ಮಿಂಗುವಾದರೂ ಸರಿ.

ಹತ್ತಿದರು. ಮೊದಲು ರಬ್ಬರ್ ತೋಟ, ಆಮೇಲೆ ಬಿದಿರು, ಆಮೇಲೆ ಹೆಸರಿಲ್ಲದ ಹಸಿರು. ಸುಣ್ಣದ ಕಲ್ಲಿನ ಕಡಿದಾದ ಗೋಡೆಗಳು ಮಂಜಿನಿಂದ ಹೊರಬಂದು ಮತ್ತೆ ಮಂಜಿಗೇ ಹೋಗುತ್ತಿದ್ದವು. ಬೇರುಗಳು ಬಂಡೆಯನ್ನು ಮುಷ್ಟಿಯಂತೆ ಹಿಡಿದಿದ್ದವು. ಜಿಗಣೆಗಳು ಎಲೆಯ ತುದಿಯಲ್ಲಿ ನಿಂತು ಕಾಯುತ್ತಿದ್ದವು. ಪೂರ್ವಿ ಮೊದಲ ಹತ್ತನ್ನು ಕಿರುಚಿ ಕಿತ್ತಳು, ಆಮೇಲೆ ಸುಮ್ಮನೆ ಕಿತ್ತಳು. ಮೆರಾ ಹೊಳೆಯನ್ನು ಒಂದು ಕಡೆ ಅಡ್ಡ ಬಿದ್ದ ಮರದ ಕಾಂಡದ ಮೇಲೆ ದಾಟಿದರು. ನೀರು ಪಾದ ಮುಳುಗುವಷ್ಟೂ ಇರಲಿಲ್ಲ. ಕಲ್ಲುಗಳೆಲ್ಲ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು.

ದಾರಿಯುದ್ದಕ್ಕೂ ಡೊರೊಥಿ ಗುಡ್ಡದ ಕತೆ ಹೇಳಿದರು. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ನೆಲದೊಳಗಿಂದ ಕರಗಿದ ಕಲ್ಲು ಮೇಲೆ ನುಗ್ಗಿ ಅರ್ಧದಲ್ಲೇ ತಣ್ಣಗಾಯಿತು. ಅದರ ಬಿಸಿಗೆ ಕುದಿದ ನೀರು ಬಿರುಕು ಹುಡುಕಿಕೊಂಡು ಹೊರಟಿತು. ಆ ನೀರಿನಲ್ಲಿ ಪಾದರಸವೂ ಗಂಧಕವೂ ಕರಗಿದ್ದವು. ಮೇಲೆ ಬಂದು ತಣಿಯುತ್ತಿದ್ದಂತೆ ಎರಡೂ ಸೇರಿ ಇಂಗಳೀಕವಾಗಿ ಬಿರುಕುಗಳಲ್ಲಿ ಕೆಂಪಗೆ ಕೂತುಬಿಟ್ಟವು. ಸಾವಿರದ ಎಂಟುನೂರ ಎಪ್ಪತ್ತರ ಹೊತ್ತಿಗೆ ಇಂಗ್ಲಿಷಿನವರ ಕಂಪನಿಯೊಂದು ಬಂತು. ಚೀನೀ ಕೂಲಿಗಳು ಅಗೆದರು. ಕೆಂಪು ಕಲ್ಲನ್ನು ಕುಲುಮೆಯಲ್ಲಿ ಸುಟ್ಟು, ಆವಿಯನ್ನು ಉದ್ದನೆಯ ಇಟ್ಟಿಗೆಯ ಕಾಲುವೆಯಲ್ಲಿ ಹಾಯಿಸಿ ತಣಿಸಿ, ಹನಿಹನಿ ಪಾದರಸ ಹಿಡಿದು ಕಬ್ಬಿಣದ ಬುರುಡೆಗಳಲ್ಲಿ ತುಂಬಿದರು. ಪೂರ್ವಿ ಕಂಡ ನೇರ ಗೆರೆ ಆ ಕಾಲುವೆಯೇ ಇರಬೇಕು. ಮೂವತ್ತು ವರ್ಷ ತುಂಬುವ ಮೊದಲೇ ಕೆಂಪು ಕಲ್ಲು ತೀರಿತು. ಬಿರುಕು ಆಳಕ್ಕೆ ಹೋದಂತೆ ಸಪೂರವಾಗಿ ಮುಚ್ಚಿಕೊಂಡಿತು. ಕಂಪನಿ ಹೋಯಿತು, ಕಾಡು ಬಂತು.

“ಕಲ್ಲಿನೊಳಗೆ ಇರುವಾಗ ಅದು ಯಾರಿಗೂ ಏನೂ ಮಾಡುವುದಿಲ್ಲ,” ಎಂದರು ಡೊರೊಥಿ. “ಸುರಂಗದ ಒಳಗೆ ಗಾಳಿ ನಿಂತಿರ್ತದೆ ನೋಡು, ಅಲ್ಲಿ ಹೆದರಬೇಕು.”

ಸುರಂಗಕ್ಕೆಂದೇ ಆವಿ ತಡೆಯುವ ರಬ್ಬರ್ ಮುಖವಾಡಗಳನ್ನು ತಂದಿದ್ದರು. ಗಾಳಿಯಲ್ಲಿರುವ ಪಾದರಸ ಅಳೆಯುವ ಯಂತ್ರ ಮಾತ್ರ ಸಿಗಲಿಲ್ಲ. ಅದು ಬಾಡಿಗೆಗೆ ಸಿಗುತ್ತಿದ್ದದ್ದು ಸಿಂಗಾಪುರದಲ್ಲಿ; ಗಡಿ ಮುಚ್ಚಿತ್ತು. ಒಲೆಯ ಗ್ಯಾಸ್ ಡಬ್ಬಿಯೂ ಸಿಗಲಿಲ್ಲ. ವಿಮಾನದಲ್ಲಿ ತರುವಂತಿಲ್ಲ, ಪೇಟೆಯ ಅಂಗಡಿಯವನ ಮನೆಯಲ್ಲಿ ಕೋವಿಡ್, ಅಂಗಡಿಗೆ ಬೀಗ.

ಸಂಜೆಗೆ ಮೊದಲು ಗೆರೆ ಸಿಕ್ಕಿತು. ಪಾಚಿ ಹಿಡಿದು ಕುಸಿದ ಇಟ್ಟಿಗೆ ಕಾಲುವೆ, ಅದರ ಕೆಳತುದಿಯಲ್ಲಿ ಒಂದು ಸಮತಟ್ಟಾದ ಜಾಗ. ಇಡೀ ಇಳಿಜಾರಿನಲ್ಲಿ ಬೆನ್ನು ಚಾಚಲು ಅಷ್ಟೇ ಜಾಗ. ಡೊರೊಥಿ ಮತ್ತು ಮಿಂಗು ಗಣಿಯ ಬಾಯಿ ಹುಡುಕಲು ಮೇಲೆ ಹೋದರು. ಪೂರ್ವಿ ಮತ್ತು ಪಯಸ್ ಬಿಡಾರ ಹೂಡಿದರು. ಮೋಡ ಕಟ್ಟಿತ್ತು. ಟಾರ್ಪಾಲನ್ನು ತಗ್ಗಾಗಿ ಎಳೆದು ಮೂರು ಕಡೆ ನೆಲಕ್ಕೆ ಬಿಗಿದರು.

ಒಲೆ ಹೂಡಿದವಳು ಪೂರ್ವಿ. ಸುತ್ತಲಿನ ಸುಣ್ಣದ ಕಲ್ಲು ಬೆಂಕಿಗೆ ಸಿಡಿಯುತ್ತದೆ ಎಂದು ಪಯಸ್ ಬೇಡವೆಂದರು. ಕಾಲುವೆಯ ಪಕ್ಕದಿಂದ ಅವಳು ಮೂರು ಇಟ್ಟಿಗೆ ಎಬ್ಬಿಸಿ ತಂದಳು. ಮೂಲೆ ಮುಕ್ಕಾಗದ ಚಂದದ ಇಟ್ಟಿಗೆಗಳು. ಅಂದುಕೊಂಡದ್ದಕ್ಕಿಂತ ಭಾರವಾಗಿದ್ದವು. ಹಳೆಯ ಕಾಲದ ಮಾಲು, ಗಟ್ಟಿ ಇರುತ್ತದೆ ಎಂದುಕೊಂಡಳು.

ಪಯಸ್ ಚೀಲದಿಂದ ಕುಚ್ಚಲಕ್ಕಿ ತೆಗೆದರು. ಬ್ರಿಕ್‌ಫೀಲ್ಡ್ಸ್‌ನ ಭಾರತೀಯರ ಅಂಗಡಿಯಿಂದ ಕೊಂಡು, ವಿಮಾನದಲ್ಲಿ ಹೊತ್ತು, ಕ್ವಾರಂಟೈನಿನಲ್ಲಿ ಪಕ್ಕದಲ್ಲಿಟ್ಟುಕೊಂಡು ತಂದ ಅಕ್ಕಿ.

“ಅಂಕಲ್, ಇದು ಬೇಯೋಷ್ಟರಲ್ಲಿ ಇನ್ನೊಂದು ಲಾಕ್‌ಡೌನ್ ಬಂದಿರತ್ತೆ. ಮ್ಯಾಗಿ ಇದೆಯಲ್ಲ?”

“ಬೆಳ್ತಿಗೆ ಅನ್ನ, ಮ್ಯಾಗಿ ಎಲ್ಲ ತಿಂದ್ರೆ ಗುಡ್ಡ ಹತ್ಲಿಕ್ಕೆ ಆಗ್ತದಾ ಮಾರಾಯ್ತಿ? ಅರ್ಧ ದಾರಿಯಲ್ಲಿ ಹಸಿವಾಗ್ತದೆ. ಗಂಜಿ ಉಂಡ್ರೆ ಹೊಟ್ಟೆ ತಣ್ಣಗಿರ್ತದೆ.”

ಮಳೆ ಸುರಿಯಿತು. ಕುಚ್ಚಲಕ್ಕಿಗೆ ಗಂಟೆಗಟ್ಟಲೆ ಬೆಂಕಿ ಬೇಕು, ಸೌದೆ ಹಸಿ. ಪಯಸ್ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಿದಿರಿನ ಕೊಳವೆಯಿಂದ ಊದಿದರು, ಕೆಮ್ಮಿದರು, ಮತ್ತೆ ಊದಿದರು. ಡೊರೊಥಿ ಮತ್ತು ಮಿಂಗು ತೊಯ್ದು ತೊಪ್ಪೆಯಾಗಿ ಕತ್ತಲಲ್ಲಿ ಬಂದಾಗ ಇಟ್ಟಿಗೆಗಳು ಮಸಿ ಹಿಡಿದು ಯಾವ ಕಲ್ಲೋ ಏನೋ ಎಂಬಂತಾಗಿದ್ದವು. ಮಳೆ ನಿಂತಿತ್ತು; ಹೊಗೆ ತಾಳದೆ ಪಯಸ್ ಬಿಟ್ಟು ಉಳಿದ ಮೂವರೂ ತಟ್ಟೆ ಹಿಡಿದು ಹೊರಬಂದು ಉಂಡರು. ಮೇಲಿನ ಮರಗಳಿಗೆ ಕಟ್ಟಿದ ಜೋಲಿ ಹಾಸಿಗೆಗಳಲ್ಲಿ ಮಲಗಿದರು. ಪಯಸ್‌ಗೆ ಬೆನ್ನುನೋವು, ಜೋಲಿಯಲ್ಲಿ ಮಲಗಲಾರರು. ಅವರು ಟಾರ್ಪಾಲಿನ ಕೆಳಗೆ, ಕೆಂಡದ ಬೆಚ್ಚಗೆ, ಒಲೆಯ ಮಗ್ಗುಲಲ್ಲೇ ಮಲಗಿದರು.

ಬೆಳಿಗ್ಗೆ, ಡೊರೊಥಿ ಮತ್ತು ಮಿಂಗು ಕಂಡು ಬಂದಿದ್ದ ಗಣಿಯ ಬಾಯಿಗೆ ಹೋದರು. ಬಂಡೆಯ ಬುಡದಲ್ಲಿ ಮನುಷ್ಯ ಬಗ್ಗಿ ಹೋಗುವಷ್ಟು ಕಂಡಿ. ಒಳಗಿನಿಂದ ತಣ್ಣನೆಯ ನೀರು ಹರಿದುಬರುತ್ತಿತ್ತು. ಮಿಂಗು ಹಗ್ಗ ಹಿಡಿದು ಹೊರಗೆ ನಿಂತ. ಮೂವರೂ ರಬ್ಬರ್ ಮುಖವಾಡ ಬಿಗಿದುಕೊಂಡು ಒಳಹೊಕ್ಕರು.

ನೀರು ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ ಬಂತು. ಬಾವಲಿಗಳು ತಲೆಯ ಮೇಲೆ ಚದುರಿದವು. ಟಾರ್ಚಿನ ಬೆಳಕಿನಲ್ಲಿ ಗೋಡೆಯ ಮೇಲೆ ಕೆಂಪು ಎಳೆಗಳು ನರಗಳಂತೆ ಹಬ್ಬಿದ್ದವು. ಒಂದು ಬಿರುಕಿಗೆ ಡೊರೊಥಿ ಸುತ್ತಿಗೆ ತಾಗಿಸಿದರು. ಬೆಳ್ಳಿಯ ಒಂದು ಹನಿ ಹೊರಬಂದು ನಡುಗಿ, ಒಡೆದು, ನೀರಿಗೆ ಉದುರಿತು.

ಪೂರ್ವಿ ಬಾಟಲಿ ತುಂಬಿದಳು. ಎರಡನೆಯದಕ್ಕೆ ಮುಚ್ಚಳ ಬಿಗಿಯುತ್ತಿದ್ದಾಗ ಹಿಂದೆ ಪಯಸ್ ಕೆಮ್ಮಲು ಶುರು ಮಾಡಿದರು. ಮುಖವಾಡದೊಳಗಿನ ಕೆಮ್ಮು ನಿಲ್ಲಲಿಲ್ಲ. ಅವರು ಚಾವಣಿ ಹೊತ್ತ ಮರದ ಕಂಬಕ್ಕೆ ಕೈ ಕೊಟ್ಟರು.

ನೂರು ವರ್ಷ ನೀರು ಕುಡಿದ ಮರ. ಹಿಟ್ಟಿನಂತೆ ಕುಸಿಯಿತು.

ಮೇಲಿನ ಕಲ್ಲು ಒಂದೊಂದಾಗಿ ಬಿದ್ದವು. ಪೂರ್ವಿ ಹಗ್ಗವನ್ನು ಜಗ್ಗಿದಳು, ಹೊರಗಿನಿಂದ ಮಿಂಗು ಎಳೆದ. ಪಯಸ್ ನೀರಿನಲ್ಲಿ ಒಮ್ಮೆ ಮುಳುಗಿ ಎದ್ದರು. ಡೊರೊಥಿ ಅವರ ಕಾಲರ್ ಹಿಡಿದು ನೂಕಿದರು. ಮೂವರೂ ಕಂಡಿಯಿಂದ ಹೊರಬಿದ್ದು ಕೆಸರಿನಲ್ಲಿ ಕೂತಾಗ ಹಿಂದೆ ಸುರಂಗ ಗಂಟಲು ಸರಿಮಾಡಿಕೊಂಡಂತೆ ಒಂದು ಸದ್ದು ಮಾಡಿ ಸುಮ್ಮನಾಯಿತು.

ಬಾಟಲಿಗಳು ಕೈಯಲ್ಲಿದ್ದವು. ಕೆಲಸ ಆಯಿತು ಎಂದು ಪೂರ್ವಿ ನಗಲು ನೋಡಿದಳು. ಪಯಸ್ ನಗಲಿಲ್ಲ. ಎದೆಯ ಮೇಲೆ ಚಪ್ಪಡಿ ಇಟ್ಟ ಹಾಗಿದೆ, ನಾಲಿಗೆಗೆ ರುಚಿಯೇ ಇಲ್ಲ, ಬೆಳಿಗ್ಗೆಯ ಚಹಾ ತಾಮ್ರದ ನಾಣ್ಯ ನೆಕ್ಕಿದ ಹಾಗಿತ್ತು ಎಂದರು. ಹಣೆ ಸುಡುತ್ತಿತ್ತು.

ಜ್ವರ, ಕೆಮ್ಮು, ರುಚಿ ಹೋದದ್ದು. ಆ ವರ್ಷ ಇದಕ್ಕೆ ಹೆಸರು ಹೇಳಲು ಡಾಕ್ಟರು ಬೇಕಾಗಿರಲಿಲ್ಲ. ಮಿಂಗು ಆಗಲೇ ದೂರ ಸರಿದು ನಿಂತಿದ್ದ.

ಇದ್ದ ಒಂದೇ ಟೆಸ್ಟ್ ಕಿಟ್‌ನಲ್ಲಿ ಒಂದೇ ಗೆರೆ ಬಂತು. ನೆಗೆಟಿವ್ ಎಂದು ಪೂರ್ವಿ ತೋರಿಸಿದಳು. ಡೊರೊಥಿ ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. ಏಪ್ರಿಲಿನಲ್ಲಿ ಮಂಗಳೂರಿನಲ್ಲಿ ತಮ್ಮನಿಗೂ ಮೊದಲು ಎರಡು ಸಲ ಒಂದೇ ಗೆರೆ ಬಂದಿತ್ತು, ಮೂರನೆಯ ಸಲ ನೋಡುವಾಗ ಅವನಿಗೆ ಆಮ್ಲಜನಕ ಹುಡುಕುತ್ತಿದ್ದರು ಎಂದರು. ಅಷ್ಟು ಹೇಳಿ ಟಾರ್ಪಾಲಿನ ಹಗ್ಗ ಬಿಗಿ ಮಾಡಲು ಹೋದರು.

ಆಮೇಲೆ ಅವರು ಮಾಡಿದ್ದೆಲ್ಲ ಆ ಎರಡು ವರ್ಷಗಳಲ್ಲಿ ಎಲ್ಲರೂ ಕಲಿತದ್ದನ್ನೇ. ಜ್ವರ ಹೊತ್ತು ಸೇತುವೆ ದಾಟುವಂತಿರಲಿಲ್ಲ; ಪಯಸ್‌ರನ್ನು ಬೇರೆ ಇಟ್ಟರು. ಬೇರೆ ಜಾಗವೆಂದರೆ ಟಾರ್ಪಾಲಿನ ಅಡಿ. ಚಳಿಗೆ ನಡುಗದಿರಲಿ ಎಂದು ಒಲೆಯ ಬೆಂಕಿ ಆರಲು ಬಿಡಲಿಲ್ಲ. ಶುಂಠಿ, ಕಾಳುಮೆಣಸು ಕುದಿಸಿದ ನೀರನ್ನು ಒಲೆಯ ಮೇಲೇ ಇಟ್ಟು, ಪಯಸ್‌ರ ತಲೆಯ ಮೇಲೆ ಟವೆಲ್ ಹೊದಿಸಿ, ಹಬೆ ತೆಗೆದುಕೊಳ್ಳಿ ಎಂದರು. ಪಯಸ್ ವಿಧೇಯರಾಗಿ ಒಲೆಯ ಮೇಲೆ ಬಾಗಿ ಉದ್ದುದ್ದ ಉಸಿರು ಎಳೆದರು. ಪೂರ್ವಿ ಎರಡು ಮಾಸ್ಕ್ ಹಾಕಿಕೊಂಡು ಸೌದೆ ಒಟ್ಟಿದಳು. ಇಡೀ ಸಂಜೆ ಮಳೆ ಹಿಡಿದು ಬಾರಿಸಿತು.

ಬೆಳಕು ಹರಿದಾಗ ಪಯಸ್ ಒಂದು ವಾಕ್ಯ ಪೂರ್ತಿ ಹೇಳಲಾರದ ಸ್ಥಿತಿಗೆ ಬಂದಿದ್ದರು. ಎರಡು ಮಾತಿಗೊಮ್ಮೆ ಗಾಳಿ ಹುಡುಕುತ್ತಿದ್ದರು. ತುಟಿ ನೀಲಿ. ಪೂರ್ವಿಗೂ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು, ಅಂಟಿತು ಎಂದುಕೊಂಡಳು.

ನೀರು ಕಾಯಿಸಲೆಂದು ಅವಳು ಒಲೆಯ ಪಕ್ಕದಲ್ಲಿದ್ದ ತಣ್ಣನೆಯ ಪಾತ್ರೆಯ ಮುಚ್ಚಳ ತೆಗೆದಳು. ಅಲ್ಯೂಮಿನಿಯಂ ಮುಚ್ಚಳದ ಅಂಚಿನಲ್ಲಿ, ಹಿಂದಿನ ದಿನ ಮರಳು ಹಾಕಿ ಉಜ್ಜಿದ ಕಡೆ, ಬಿಳಿ ಬೂಷ್ಟು ಬೆಳೆದಿತ್ತು. ಈ ಕಾಡಿನಲ್ಲಿ ರಾತ್ರಿ ಬೆಳಗಾಗುವುದರೊಳಗೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಒರೆಸಿ ಹಾಕಲು ಬೆರಳು ಇಟ್ಟಳು.

ಬೂಷ್ಟು ಬಿಸಿಯಾಗಿತ್ತು.

ಅದು ಕೂದಲಿನಂತೆ ನೆಟ್ಟಗೆ ನಿಂತಿತ್ತು. ಮುಟ್ಟಿದರೆ ಬೂದಿಯಾಗಿ ಉದುರಿತು. ಒರೆಸಿದ ಜಾಗದಿಂದ ಕಣ್ಣೆದುರೇ ಮತ್ತೆ ಎಳೆ ಎದ್ದಿತು. ಪೂರ್ವಿ ಅದನ್ನೇ ನೋಡುತ್ತ ಕೂತಳು. ನಕ್ಷೆಗೆಂದು ತಂದಿದ್ದ ಡ್ರೋನಿನ ಬ್ಯಾಟರಿಗೆ ಪರವಾನಗಿ ಪಡೆಯಲು ಅವಳು ವಿಮಾನದಲ್ಲಿ ಒಯ್ಯಬಾರದ ಸಾಮಾನುಗಳ ನಿಯಮಗಳನ್ನೆಲ್ಲ ಓದಬೇಕಾಗಿ ಬಂದಿತ್ತು. ಅದರಲ್ಲಿ ಪಾದರಸವೂ ಇತ್ತು. ವಿಮಾನದ ಮೈ ಅಲ್ಯೂಮಿನಿಯಂ. ಪಾದರಸದ ಹನಿ ತಾಗಿದರೆ ಅದನ್ನು ಗೆದ್ದಲಿನಂತೆ ತಿನ್ನುತ್ತದೆ, ಬಿಳಿ ಎಳೆ ಬಿಟ್ಟುಕೊಂಡು ಹೋಗುತ್ತದೆ ಎಂದು ವಿವರಣೆಯಿತ್ತು.

ಅವಳು ಪಯಸ್‌ರ ಕೈ ಎತ್ತಿ ನೋಡಿದಳು. ಮದುವೆಯ ಉಂಗುರ ಬೆಳ್ಳಗಾಗಿತ್ತು. ಚಿನ್ನವೆಂದು ಹೇಳಲು ಒಳಬದಿಯ ಒಂದು ಗೆರೆ ಮಾತ್ರ ಉಳಿದಿತ್ತು.

ಕೋಲಿನಿಂದ ಕೆಂಡ ಸರಿಸಿ ಒಲೆಯ ಇಟ್ಟಿಗೆಯನ್ನು ಮಗುಚಿದಳು. ಬೆಂಕಿಗೆ ತಾಗದ ಬೆನ್ನಿನ ರಂಧ್ರಗಳಲ್ಲಿ ಸಾಸಿವೆಗಿಂತ ಸಣ್ಣ ಬೆಳ್ಳಿಯ ಹನಿಗಳು ಸಾಲಾಗಿ ಕೂತಿದ್ದವು. ಇಪ್ಪತ್ತೈದು ಮೂವತ್ತು ವರ್ಷ ಪಾದರಸದ ಆವಿ ಕುಡಿದ ಇಟ್ಟಿಗೆ. ಎರಡು ದಿನದಿಂದ ಅವರು ಅದನ್ನು ಕಾಯಿಸಿ ಪಯಸ್‌ಗೆ ಕುಡಿಸುತ್ತಿದ್ದರು.

“ಮ್ಯಾಮ್, ಇದು ಕೋವಿಡ್ ಅಲ್ಲ,” ಎಂದು ಕೂಗಿದಳು. “ಅಂಕಲ್‌ನ ಹೊರಗೆ ಎಳೀರಿ. ಮೊದಲು ಹೊರಗೆ ಎಳೀರಿ.”

ಡೊರೊಥಿ ಬಂದು ಇಟ್ಟಿಗೆ ನೋಡಿದರು, ಉಂಗುರ ನೋಡಿದರು. ಇಬ್ಬರೂ ಪಯಸ್‌ರ ಕಂಕುಳಿಗೆ ಕೈ ಕೊಟ್ಟು ಮಳೆಯಲ್ಲೇ ಮೇಲಿನ ಮರಗಳ ಬಳಿಗೆ ಎಳೆದರು. ಮಿಂಗು ಮುಟ್ಟಲಿಲ್ಲ. ಅವನ ಮನೆಯಲ್ಲಿ ಎರಡು ತಿಂಗಳ ಕೂಸಿತ್ತು. ಒಲೆಯ ವಿಷಯವನ್ನೆಲ್ಲ ಪೂರ್ವಿ ಅವನಿಗೆ ಬಿಡಿಸಿ ಹೇಳಿದಳು. ಇಟ್ಟಿಗೆ ತಂದವಳು ನಾನೇ ಎಂದೂ ಹೇಳಿದಳು. ನಿನಗೆ ಖಾತ್ರಿಯಿದೆಯಾ ಎಂದು ಅವನು ಕೇಳಿದ.

“ಪೂರ್ತಿ ಇಲ್ಲ. ನೂರಕ್ಕೆ ಎಂಬತ್ತು.”

ಮಿಂಗು ಮಳೆಯ ಕಡೆ ನೋಡಿದ. ನೂರು ಅಂದಿದ್ದರೆ ನಂಬುತ್ತಿರಲಿಲ್ಲ, ಎಂದ. ಮಾಸ್ಕಿನ ಮೇಲೆ ಮಾಸ್ಕ್ ಕಟ್ಟಿಕೊಂಡು ಬಿದಿರು ಕಡಿಯಲು ಹೋದ.

ಜೋಲಿ ಹಾಸಿಗೆಯನ್ನು ಬಿದಿರಿನ ಗಳಕ್ಕೆ ಕಟ್ಟಿ ಪಯಸ್‌ರನ್ನು ಅದರಲ್ಲಿ ಮಲಗಿಸಿದರು. ಡೊರೊಥಿ ತಾವು ಒಡೆದು ತಂದ ಕಲ್ಲುಗಳನ್ನೆಲ್ಲ ಚೀಲದಿಂದ ಸುರಿದರು. ಡ್ರೋನನ್ನೂ ಬಿಟ್ಟರು. ನೀರಿನ ಬಾಟಲಿಗಳ ಚೀಲವನ್ನು ಮಾತ್ರ ಪೂರ್ವಿ ಬಲ ಹೆಗಲಿಗೆ ಹಾಕಿಕೊಂಡಳು. ಎಡ ಹೆಗಲಿಗೆ ಗಳ. ಮುಂದೆ ಮಿಂಗು, ಹಿಂದೆ ಅವಳು.

ಹತ್ತಿದ ದಾರಿಯೇ, ಆದರೆ ನೀರು ಅದನ್ನು ಬೇರೆ ಮಾಡಿಟ್ಟಿತ್ತು. ಕಾಲಿಟ್ಟಲ್ಲಿ ಮಣ್ಣು ಜಾರಿತು. ಗಳ ಹೆಗಲಿನ ಮೂಳೆಯನ್ನು ಅರೆಯಿತು. ಅವಳು ಜೋಲಿಯಿಂದ ಬರುವ ಉಸಿರಿನ ಶಬ್ದಕ್ಕೆ ಕಿವಿಗೊಟ್ಟು ನಡೆದಳು. ಶಬ್ದ ಇದ್ದಷ್ಟು ಹೊತ್ತು ಕಾಲು ಎತ್ತಿ ಇಟ್ಟಳು. ನಿಂತಂತೆ ಅನಿಸಿದಾಗ “ಅಂಕಲ್” ಎಂದಳು. “ಉಂಟು,” ಎಂದರು ಪಯಸ್. ಅಷ್ಟಕ್ಕೆ ಅವರ ಗಾಳಿ ಮುಗಿಯುತ್ತಿತ್ತು.

ಮೆರಾ ಹೊಳೆಯ ಸದ್ದು ಕಾಣುವ ಮೊದಲೇ ಕೇಳಿತು. ಅಡ್ಡ ಬಿದ್ದಿದ್ದ ಮರ ಇರಲಿಲ್ಲ. ಕೆಂಪು ನೀರು ಕೊಂಬೆಗಳನ್ನು ಹೊತ್ತು ಉರುಳುತ್ತಿತ್ತು.

ಮಿಂಗು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೇಲ್ಗಡೆಯಿಂದ ನೀರಿಗೆ ಹಾರಿದ. ಹೊಳೆ ಅವನನ್ನು ಎತ್ತಿ ಒಯ್ದು ಆಚೆ ದಡದ ಬೇರುಗಳಿಗೆ ಬಡಿಯಿತು. ಅವನು ಬೇರು ಹಿಡಿದ. ಹಗ್ಗವನ್ನು ಮರಕ್ಕೆ ಬಿಗಿದು, ಅದನ್ನು ಹಿಡಿದು ವಾಪಸ್ ಬಂದ. ಹಣೆ ಒಡೆದಿತ್ತು.

ಇಳಿದರು. ನೀರು ಎದೆಗೆ ಬಂತು. ಡೊರೊಥಿ ಪಯಸ್‌ರ ತಲೆ ಎತ್ತಿ ಹಿಡಿದರು. ಪೂರ್ವಿಯ ಒಂದು ಕೈ ಹಗ್ಗದ ಮೇಲೆ, ಒಂದು ಕೈ ಗಳದ ಮೇಲೆ.

ನಡುಹೊಳೆಯಲ್ಲಿ ಒಂದು ಕೊಂಬೆ ಬಂದು ಬಾಟಲಿ ಚೀಲದ ಪಟ್ಟಿಗೆ ಸಿಕ್ಕಿಕೊಂಡಿತು. ಇಡೀ ಹೊಳೆ ಆ ಕೊಂಬೆಯನ್ನು ಎಳೆಯಿತು. ಪೂರ್ವಿ ಪಕ್ಕಕ್ಕೆ ತಿರುಗಿದಳು, ಗಳ ತಿರುಗಿತು, ಜೋಲಿಯೊಳಗೆ ನೀರು ನುಗ್ಗಿತು. ಪಯಸ್‌ರ ಮುಖ ಮುಳುಗಿತು.

ಚೀಲ ಬಿಡಬೇಕು, ಇಲ್ಲವೇ ಗಳ ಬಿಡಬೇಕು.

ಅವಳು ಬಲ ಹೆಗಲನ್ನು ಕೆಳಗೆ ಮಾಡಿದಳು. ಪಟ್ಟಿ ತೋಳಿನಿಂದ ಜಾರಿ ಹೋಯಿತು. ಚೀಲ ಒಮ್ಮೆ ಮೇಲೆ ಕಂಡು ತಿರುವಿನಲ್ಲಿ ಮರೆಯಾಯಿತು. ಡೊರೊಥಿ ಪಯಸ್‌ರ ಕೂದಲು ಹಿಡಿದು ಮೇಲೆತ್ತಿದರು. ಪಯಸ್ ಕೆಮ್ಮಿದರು. ಕೆಮ್ಮು ಕೇಳಿದ ಮೇಲೆಯೇ ಪೂರ್ವಿ ಮುಂದಿನ ಹೆಜ್ಜೆ ಇಟ್ಟದ್ದು.

ತೂಗುಸೇತುವೆಗೆ ಬಂದಾಗ ಮಧ್ಯಾಹ್ನ. ಆಚೆ ತುದಿಯಲ್ಲಿ ಗಳದ ಹಿಂದೆ ಮುಖ್ಯಸ್ಥ, ಅವನ ಹಿಂದೆ ಊರು. ಜೋಲಿ ನೋಡಿದ ಕೂಡಲೇ ಅವನು ಎರಡೂ ಕೈ ಎತ್ತಿ ನಿಲ್ಲಿಸಿದ. ಮಿಂಗು ಈಚೆಯಿಂದ ಕೂಗಿ ಕೂಗಿ ಹೇಳಿದ. ಕೋವಿಡ್ ಅಲ್ಲ, ಗಣಿಯ ವಿಷ, ಒಲೆಯ ಇಟ್ಟಿಗೆ. ಮುಖ್ಯಸ್ಥ ತಲೆಯಾಡಿಸಲೇ ಇಲ್ಲ. ಜ್ವರ ಇದೆಯಾ ಎಂದು ಕೇಳಿದ. ಇದೆ. ಕೆಮ್ಮು ಇದೆಯಾ. ಇದೆ. ಹಾಗಿದ್ದರೆ ದಾಟುವಂತಿಲ್ಲ. ಅವನ ಸ್ವರದಲ್ಲಿ ಸಿಟ್ಟಿರಲಿಲ್ಲ.

ಮಿಂಗುವಿನ ಹೆಂಡತಿ ಕೂಸನ್ನು ಎತ್ತಿಕೊಂಡು ಜನರ ನಡುವೆ ನಿಂತಿದ್ದಳು. ಅವನು ಆ ಕಡೆ ನೋಡಿ ಮಾತು ನಿಲ್ಲಿಸಿದ.

ಪೂರ್ವಿ ಸೇತುವೆಯ ಬುಡಕ್ಕೆ ಹೋದಳು. ಆ ಮನುಷ್ಯ ತಾಯಿಯನ್ನು ಕಳೆದುಕೊಂಡಿದ್ದ. ಅವನನ್ನು ನಂಬಿಸಲು ಕೂತರೆ ಸಂಜೆಯಾಗುತ್ತದೆ, ಪಯಸ್‌ಗೆ ಸಂಜೆ ಇರಲಿಕ್ಕಿಲ್ಲ. ಅವಳು ಮಿಂಗುವಿಗೆ ಹೇಳಿದಳು: “ನಂಬೋದು ಬೇಡ ಅನ್ನು. ನಾವು ಊರೊಳಗೆ ಬರಲ್ಲ. ಒಂದು ದೋಣಿ ಹಗ್ಗ ಕಟ್ಟಿ ಈ ಕಡೆ ಬಿಡಲಿ, ಸಾಕು. ಯಾರೂ ನಮ್ಮ ಹತ್ತಿರ ಬರೋದು ಬೇಡ.”

ಮಿಂಗು ಕೂಗಿದ. ಆಚೆ ಗುಸುಗುಸು ಎದ್ದಿತು. ಮುಖ್ಯಸ್ಥ ತಾನೇ ದಡಕ್ಕೆ ಇಳಿದು, ಎಂಜಿನ್ ಇದ್ದ ತನ್ನ ಉದ್ದನೆಯ ದೋಣಿಗೆ ಹಗ್ಗ ಬಿಗಿದು, ಕಾಲಿನಿಂದ ನೂಕಿದ. ದೋಣಿ ತೇಲಿಕೊಂಡು ಈಚೆ ಬಂತು.

ಪಯಸ್‌ರನ್ನು ಮಲಗಿಸಿ ಮಿಂಗು ಎಂಜಿನ್ ಚಾಲೂ ಮಾಡುವಾಗ ಮುಖ್ಯಸ್ಥ ದಡದಿಂದ ಏನೋ ಕೇಳಿದ. ನೀರು ಕುಡಿಯಬಹುದಾ ಎಂದು ಕೇಳುತ್ತಿದ್ದಾನೆ, ಎಂದ ಮಿಂಗು.

ಪ್ರಯೋಗಾಲಯದ ವರದಿ ಬರುವ ಮೊದಲು ಯಾರಿಗೂ ಏನೂ ಹೇಳಕೂಡದೆಂದು ಕಂಪನಿಯ ನಿಯಮ. ಈಗ ವರದಿ ಮಾಡಲು ಬಾಟಲಿಯೂ ಇರಲಿಲ್ಲ. ಪೂರ್ವಿ ಡೊರೊಥಿಯವರ ಕಡೆ ನೋಡಿದಳು. ಡೊರೊಥಿ ಪಯಸ್‌ರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಹೇಳು,” ಎಂದರು. “ಕುಲುಮೆಯ ಮಣ್ಣೆಲ್ಲ ಆ ಹೊಳೆಗೇ ಇಳಿಯುವುದು. ಪೈಪ್ ಅಲ್ಲಿ ಹಾಕ್ಬೇಡಿ ಅಂತ ಹೇಳು. ಬೈಗುಳ ಬಂದ್ರೆ ನನಗೆ ಬರಲಿ.”

ಮಿಂಗು ಕೂಗಿ ಹೇಳಿದ. ಮುಖ್ಯಸ್ಥ ಕೈ ಎತ್ತಿದ. ಒಪ್ಪಿದ್ದೋ, ಹೋಗಿ ಎಂದದ್ದೋ ತಿಳಿಯಲಿಲ್ಲ. ದೋಣಿ ತಿರುವು ದಾಟಿತು. ಸಿಗ್ನಲ್ ಸಿಕ್ಕಿದ ಮೊದಲ ಜಾಗದಲ್ಲೇ ಡೊರೊಥಿ ಆಂಬುಲೆನ್ಸಿಗೆ ಕರೆ ಮಾಡಿದರು. ರಸ್ತೆ ಮುಟ್ಟುವ ಕಟ್ಟೆಯಲ್ಲಿ ಬಿಳಿ ಉಡುಪಿನವರು ಕಾಯುತ್ತಿದ್ದರು. ಹೇಳಿದ್ದನ್ನೆಲ್ಲ ಕೇಳಿಕೊಂಡರು, ಆದರೂ ಪಯಸ್‌ರನ್ನು ಮೊದಲು ಕೋವಿಡ್ ವಾರ್ಡಿಗೇ ಹಾಕಿದರು. ಆಮ್ಲಜನಕ ಅಲ್ಲೂ ಇತ್ತು. ಅಷ್ಟು ಸಾಕಿತ್ತು. ರಕ್ತದಲ್ಲಿ ಪಾದರಸ ಎಷ್ಟಿದೆ ಎಂಬ ಅಂಕಿ ಬಂದ ಮೇಲೆ ವಾರ್ಡ್ ಬದಲಿಸಿ ಬೇರೆ ಔಷಧಿ ಶುರು ಮಾಡಿದರು.

ಮಳೆಗಾಲ ಮುಗಿದ ಮೇಲೆ ಬೇರೆ ತಂಡವೊಂದು ಮೆರಾ ಹೊಳೆಯ ನೀರು ತಂದು ಪರೀಕ್ಷೆ ಮಾಡಿಸಿತು. ಕುಡಿಯಬಾರದು ಎಂದೇ ವರದಿ ಬಂತು. ಅಷ್ಟರಲ್ಲಿ ರಾಂಬಾದವರು ಗುಡ್ಡದ ಇನ್ನೊಂದು ಮಗ್ಗುಲಿನ ತೊರೆಯಿಂದ ಪೈಪು ಎಳೆದು ಮುಗಿಸಿದ್ದರು. ಅದು ದೂರ, ಬೇಸಿಗೆಯಲ್ಲಿ ಸಣ್ಣದಾಗಿ ಹರಿಯುತ್ತದೆ. ವರದಿ ಕಾಯುವಷ್ಟು ಪುರುಸೊತ್ತು ಅವರಿಗಿರಲಿಲ್ಲ, ಎಂದು ಮಿಂಗು ಫೋನಿನಲ್ಲಿ ಹೇಳಿದ.

ಪಯಸ್‌ರನ್ನು ಸೈಬರ್‌ಜಯಾದ ಮನೆಗೆ ಕರೆತಂದ ದಿನ ಅವರ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ಮನೆ ಮೂರನೆಯ ಮಹಡಿಯಲ್ಲಿ. ಹೆಂಡತಿ ಟ್ರೀಸಾ ಮೇಲೆ ಬಾಗಿಲು ತೆರೆದು ನಿಂತಿದ್ದರು. ಡೊರೊಥಿ ಚೀಲಗಳನ್ನು ಹಿಡಿದು ಮುಂದೆ ಹೋದರು. ಪೂರ್ವಿ ಹಿಂದಿನಿಂದ, ಪಯಸ್‌ರ ಬೆನ್ನಿಗೆ ತಾಗಿಯೂ ತಾಗದಂತೆ ಕೈ ಚಾಚಿಕೊಂಡು ಹತ್ತಿದಳು.

ಮೊದಲ ಮಹಡಿಯಲ್ಲಿ ಪಯಸ್ ಮೆಟ್ಟಿಲ ಮೇಲೆ ಕೂತುಬಿಟ್ಟರು. ಎದೆ ಏರಿ ಇಳಿಯುತ್ತಿತ್ತು. ಕುರ್ಚಿ ತರಿಸಿ ನಾಲ್ಕು ಜನ ಎತ್ತಿಕೊಂಡು ಹೋಗೋಣವೇ ಎಂದು ಪೂರ್ವಿ ಕೇಳಿದಳು.

“ಒಂದು ಸಲ ಹೊತ್ತದ್ದು ಸಾಕಾಗ್ಲಿಲ್ವಾ ನಿನಗೆ?” ಎಂದರು ಪಯಸ್. ವಾಕ್ಯ ಪೂರ್ತಿಯಾಗಿ ಬಂತು, ನಡುವೆ ಎಲ್ಲೂ ನಿಲ್ಲಲಿಲ್ಲ. ಕಂಬಿ ಹಿಡಿದು ಎದ್ದರು.

ಎರಡನೆಯ ಮಹಡಿಯಲ್ಲಿ ಅವರು ಕೂರಲಿಲ್ಲ.